ಮಕ್ಕಳನ್ನು ಕಳಿಸಿ, ನೀವೂ ಹೋಗಿ

ಪ್ರಶ್ನೆ: ನನಗೆ 43 ವರ್ಷ. ಮಗಳಿಗೆ 13, ಮಗನಿಗೆ 11. ಹತ್ತಿರದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಬೇರೆ ಬೇರೆಯಾಗಿ ಸಂತಾನ ಆರೋಗ್ಯದ ತರಗತಿ ಶುರು ಮಾಡಿದ್ದಾರೆ. ಜೊತೆಗೆ ಒಂದು ಕ್ಲಿನಿಕ್ ಕೂಡ ಇದೆ. ಮಗಳನ್ನು ಕಳಿಸೋಣ ಎಂದರೆ ಮನೆಯವರು ಬೇಡ ಅಂತಾರೆ. ಇದೆಲ್ಲ ಈಗಲೇ ಹೇಳಿಕೊಟ್ಟರೆ ಮಕ್ಕಳು ದಾರಿ ತಪ್ಪುವುದಿಲ್ಲವಾ? ಮಗ ಇನ್ನೂ ಚಿಕ್ಕವನು, ಅವನಿಗೂ ಬೇಕಾ? ದೊಡ್ಡವರ ತರಗತಿಗೆ ನನ್ನನ್ನೂ ಕರೆದಿದ್ದಾರೆ. ಎರಡು ಮಕ್ಕಳ ತಾಯಿ ಅಲ್ಲಿ ಹೋಗಿ ಕಲಿಯುವುದು ಏನಿದೆ? ಇತ್ತೀಚೆಗೆ ನನ್ನ ಮುಟ್ಟು ಮಾತ್ರ ಏರುಪೇರಾಗಿದೆ, ರಕ್ತಸ್ರಾವವೂ ಜಾಸ್ತಿ.

ಉತ್ತರ: ಇಬ್ಬರನ್ನೂ ಕಳಿಸಿ. ನೀವೂ ಹೋಗಿ. ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಹೋಗಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ರಕ್ತಸ್ರಾವದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮಾತ್ರ ತರಗತಿಯ ದಿನದವರೆಗೆ ಕಾಯಬೇಡಿ.

ಮೊದಲು ಮನೆಯವರ ಭಯ. ಅದು ಮಕ್ಕಳ ಮೇಲಿನ ಕಾಳಜಿಯಿಂದ ಬಂದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಊಹಿಸಬೇಕಾಗಿಲ್ಲ, ಹಲವು ದೇಶಗಳಲ್ಲಿ ದಶಕಗಳಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಯುನೆಸ್ಕೊ 2009ರಲ್ಲಿ ಮಕ್ಕಳ ಲೈಂಗಿಕ ಶಿಕ್ಷಣಕ್ಕೆ ಮಾರ್ಗಸೂಚಿ ತಂದಿತು. 2018ರಲ್ಲಿ ಅದನ್ನು ಪರಿಷ್ಕರಿಸುವಾಗ ಆವರೆಗಿನ ಅಧ್ಯಯನಗಳನ್ನು ಮತ್ತೆ ಒಟ್ಟಿಗೆ ಇಟ್ಟು ನೋಡಿತು. ಈ ಪಾಠದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಎಂಬುದು ಅಲ್ಲಿ ಕಂಡಿತು. ಕೆಲವು ಕಡೆ ಅದು ಇನ್ನೂ ತಡವಾಗಿದೆ. ಮುಂದೆ ಸಂಬಂಧ ಬೆಳೆದಾಗ ಕಾಂಡೋಮ್ ಬಳಸುವವರೂ ಜಾಸ್ತಿಯಾಗಿದ್ದಾರೆ. 'ಬೇಡ' ಎಂದಷ್ಟೇ ಹೇಳಿ ಉಳಿದದ್ದನ್ನೆಲ್ಲ ಮುಚ್ಚಿಟ್ಟ ಕಾರ್ಯಕ್ರಮಗಳಿಂದ ಅಂಥ ಪ್ರಯೋಜನ ಕಾಣಲಿಲ್ಲ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಮಕ್ಕಳು ಕಲಿಯದೇ ಇರುತ್ತಾರಾ? ಫೋನಿನಿಂದ ಕಲಿಯುತ್ತಾರೆ, ಗೆಳೆಯರಿಂದ ಕಲಿಯುತ್ತಾರೆ, ಅಶ್ಲೀಲ ವಿಡಿಯೊಗಳಿಂದ ಕಲಿಯುತ್ತಾರೆ. ಆ ವಿಡಿಯೊಗಳಲ್ಲಿ ಒಪ್ಪಿಗೆ ಕೇಳುವುದಿಲ್ಲ, ಬಸಿರಾಗುವುದಿಲ್ಲ, ಯಾರಿಗೂ ಸೋಂಕು ತಗಲುವುದಿಲ್ಲ. ಅದನ್ನೇ ನಿಜ ಎಂದುಕೊಂಡ ಮಗುವನ್ನು ತಿದ್ದುವುದಕ್ಕಿಂತ ಮೊದಲೇ ಸರಿಯಾದ್ದನ್ನು ಹೇಳುವುದು ಸುಲಭ.

ನಾನು ಹೆರಿಗೆ ಮತ್ತು ಸ್ತ್ರೀರೋಗ ವೈದ್ಯೆ. ಇಂಥ ತರಗತಿಗಳನ್ನೂ ನಡೆಸುತ್ತೇನೆ. ಅಲ್ಲಿ ಏನು ನಡೆಯುತ್ತದೆ ಎಂದು ತಿಳಿದರೆ ನಿಮ್ಮ ಅರ್ಧ ಆತಂಕ ಹೋಗುತ್ತದೆ. ತರಗತಿಯ ಮಧ್ಯದಲ್ಲಿ ಒಂದು ರಟ್ಟಿನ ಡಬ್ಬಿ ಇಡುತ್ತೇವೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು. ಹೆಸರು ಬರೆಯುವಂತಿಲ್ಲ. ಪ್ರಶ್ನೆ ಇಲ್ಲದವರೂ 'ಪ್ರಶ್ನೆ ಇಲ್ಲ' ಎಂದು ಬರೆದು ಹಾಕಲೇಬೇಕು. ಎಲ್ಲರ ಕೈಯೂ ಒಟ್ಟಿಗೆ ಓಡುತ್ತಿದ್ದರೆ ಯಾರು ಕೇಳಿದರು, ಯಾರು ಕೇಳಲಿಲ್ಲ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಬಾಯಿಬಿಟ್ಟು ಕೇಳಿ ಎಂದಾಗ ತಲೆ ತಗ್ಗಿಸಿ ಕೂತ ಮಕ್ಕಳೇ ಚೀಟಿಯ ಎರಡೂ ಬದಿ ತುಂಬಿಸುತ್ತಾರೆ.

ಆ ಚೀಟಿಗಳಲ್ಲಿ ಏನಿರುತ್ತದೆ? ನನ್ನ ಒಂದು ಮೊಲೆ ಇನ್ನೊಂದಕ್ಕಿಂತ ದೊಡ್ಡದು, ಇದು ಕ್ಯಾನ್ಸರಾ? (ಅಲ್ಲ. ಬೆಳೆಯುವಾಗ ಎರಡೂ ಒಂದೇ ಸಮ ಬೆಳೆಯುವುದಿಲ್ಲ, ದೊಡ್ಡವರಲ್ಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.) ಬಟ್ಟೆಯಲ್ಲಿ ಬಿಳಿ ಕಲೆ ಆಗುತ್ತದೆ, ಕಾಯಿಲೆಯಾ? (ತಿಳಿಯಾಗಿ ಅಥವಾ ಹಾಲಿನ ಬಣ್ಣದಲ್ಲಿದ್ದು, ತುರಿಕೆ ಮತ್ತು ಕೆಟ್ಟ ವಾಸನೆ ಇಲ್ಲದಿದ್ದರೆ ಅದು ಸಹಜ. ಮೊದಲ ಮುಟ್ಟಿಗೆ ಕೆಲವು ತಿಂಗಳು ಮೊದಲೇ ಶುರುವಾಗಬಹುದು.) ಹಸ್ತಮೈಥುನ ಮಾಡಿದರೆ ಮುಂದೆ ಮಕ್ಕಳಾಗುವುದಿಲ್ಲವಾ? (ಆಗುತ್ತವೆ. ಅದರಿಂದ ಶಕ್ತಿಯೂ ಕುಂದುವುದಿಲ್ಲ.) ಮುತ್ತು ಕೊಟ್ಟರೆ ಬಸಿರಾಗುತ್ತಾರಾ? ಪ್ರಶ್ನೆಗಳ ಮಟ್ಟ ಇಷ್ಟು ಎಳೆಯದು, ಇಷ್ಟು ಭಯದ್ದು. ದಾರಿ ತಪ್ಪುವ ಆತುರ ನನಗೆ ಅಲ್ಲಿ ಕಂಡಿಲ್ಲ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡ ಅಂಜಿಕೆ ಕಂಡಿದೆ.

ಕೆಲವೊಮ್ಮೆ ಬೇರೆ ಥರದ ಚೀಟಿ ಬರುತ್ತದೆ. 'ಮನೆಗೆ ಬರುವ ಒಬ್ಬರು ನನ್ನನ್ನು ಮುಟ್ಟುತ್ತಾರೆ, ಯಾರಿಗೆ ಹೇಳಲಿ?' ಎಂಬ ಅರ್ಥದ್ದು. ಅದೊಂದಕ್ಕಾಗಿಯೇ ನಾನು ಯಾವ ತರಗತಿಯಲ್ಲೂ ಡಬ್ಬಿಯನ್ನು ಬಿಡುವುದಿಲ್ಲ. ದೇಹದ ಎಲ್ಲ ಭಾಗಗಳ ಹೆಸರು ಗೊತ್ತಿರುವ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂದು ತಿಳಿದಿರುವ ಮಗುವಿಗೆ ಆದದ್ದನ್ನು ಹೇಳಲು ಮಾತಿರುತ್ತದೆ. ಹೆಸರೇ ಗೊತ್ತಿಲ್ಲದ ಮಗು 'ಹೊಟ್ಟೆ ನೋವು' ಎನ್ನುತ್ತದೆ, ನಾವು ಹೊಟ್ಟೆಗೆ ಔಷಧಿ ಕೊಡುತ್ತೇವೆ. ಈ ಪಾಠ ಮಕ್ಕಳ ಮುಗ್ಧತೆಯನ್ನು ಕೆಡಿಸುತ್ತದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಮಗಳ ವಿಷಯ. ಹೆಚ್ಚಿನ ಹುಡುಗಿಯರು 9ರಿಂದ 15 ವರ್ಷದ ಒಳಗೆ ಮೈನೆರೆಯುತ್ತಾರೆ. 13 ತುಂಬಿದರೂ ಎದೆ ಬೆಳೆಯಲು ಶುರುವಾಗದಿದ್ದರೆ, ಅಥವಾ 15 ತುಂಬಿದರೂ ಮುಟ್ಟು ಬರದಿದ್ದರೆ ವೈದ್ಯರಿಗೆ ತೋರಿಸಿ. ಮೊದಲ ಎರಡು ಮೂರು ವರ್ಷ ಮುಟ್ಟು ಹೇಳಿದ ದಿನಕ್ಕೆ ಬರುವುದಿಲ್ಲ. 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಅಂಡಾಶಯ ಇನ್ನೂ ಪ್ರತಿ ತಿಂಗಳೂ ಅಂಡವನ್ನು ಬಿಡಲು ಶುರು ಮಾಡಿರುವುದಿಲ್ಲ, ಅಷ್ಟೇ. ಆದರೆ ಮೂರು ತಿಂಗಳಿಗಿಂತ ಜಾಸ್ತಿ ಅಂತರವಾದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಗಂಟೆಗೊಂದು ಎರಡು ಗಂಟೆಗೊಂದು ಪ್ಯಾಡ್ ತೊಯ್ದು ಹೋದರೆ ತೋರಿಸಬೇಕು. ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುವ ಹುಡುಗಿಯರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಇರುತ್ತದೆ. 'ಎಲ್ಲರಿಗೂ ಹೀಗೇ' ಎಂದು ಬಿಟ್ಟರೆ ಅದು ಗೊತ್ತಾಗುವುದೇ ಇಲ್ಲ.

ನೋವಿನ ಬಗ್ಗೆಯೂ ಒಂದು ಮಾತು. ಮುಟ್ಟಿನ ನೋವು ಸೋಗಲ್ಲ. ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಅದು ಗರ್ಭಕೋಶವನ್ನು ಹಿಂಡುತ್ತದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಆ ರಾಸಾಯನಿಕ ಹುಟ್ಟುವುದನ್ನೇ ತಡೆಯುತ್ತವೆ. ಹಾಗಾಗಿ ನೋವು ತಾಳಲಾರದಷ್ಟು ಏರುವವರೆಗೆ ಕಾಯದೆ, ಶುರುವಾದ ಕೂಡಲೇ ಊಟದ ನಂತರ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಾತ್ರೆಗೂ ಬಗ್ಗದೆ ಪ್ರತಿ ತಿಂಗಳು ಶಾಲೆ ತಪ್ಪಿಸುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ. ಸಂತಾನ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಅದು ಇರುತ್ತದೆ. ಪತ್ತೆಯಾಗುವಷ್ಟರಲ್ಲಿ ಎಷ್ಟೋ ಜನರ ಹಲವು ವರ್ಷಗಳು ನೋವಿನಲ್ಲೇ ಕಳೆದಿರುತ್ತವೆ.

13ರ ಮಗಳ ತಾಯಿಗೆ ನಾನು ಒತ್ತಿ ಹೇಳುವುದು ಎಚ್‌ಪಿವಿ ಲಸಿಕೆ. ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಈ ನಂಟನ್ನು ಕಂಡುಹಿಡಿದ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 2022ರಲ್ಲಿ ಜಗತ್ತಿನಲ್ಲಿ ಸುಮಾರು 3.5 ಲಕ್ಷ ಹೆಂಗಸರು ಈ ಕ್ಯಾನ್ಸರ್‌ನಿಂದ ಸತ್ತರು. ಲಸಿಕೆ ವೈರಸ್ ತಗಲುವ ಮೊದಲೇ ಮೈಯಲ್ಲಿರಬೇಕು. ಅದಕ್ಕೇ 9ರಿಂದ 14 ವರ್ಷ ಸರಿಯಾದ ಕಾಲ. ಆ ವಯಸ್ಸಿಗೆ ಒಂದು ಅಥವಾ ಎರಡು ಡೋಸ್ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹೇಳಿದೆ. 'ಮದುವೆ ಹತ್ತಿರ ಬಂದಾಗ ನೋಡೋಣ' ಎನ್ನುವವರು ಲಸಿಕೆ ಚೆನ್ನಾಗಿ ಕೆಲಸ ಮಾಡುವ ವಯಸ್ಸನ್ನೇ ಕೈಬಿಡುತ್ತಾರೆ.

ಮಗ ಚಿಕ್ಕವನು ಅಂದಿರಿ. ಹುಡುಗರಲ್ಲಿ ಬದಲಾವಣೆ 9ರಿಂದ 14ರ ನಡುವೆ ಯಾವಾಗಲಾದರೂ ಶುರುವಾಗಬಹುದು, ಅಂದರೆ ಅವನ ಕಾಲ ಬಂದೇ ಇದೆ. ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಧ್ವನಿ ಒಡೆಯುತ್ತದೆ. ಎಷ್ಟೋ ಹುಡುಗರಿಗೆ ಎದೆಯಲ್ಲಿ ಒಂದು ಸಣ್ಣ ಗಂಟು ಬಂದು ನೋಯುತ್ತದೆ, ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಇದನ್ನು ಯಾರೂ ಹೇಳದಿದ್ದರೆ ಅಂಗಿ ಬಿಚ್ಚಲು ನಾಚಿ ಆಟಕ್ಕೆ ಹೋಗುವುದನ್ನೇ ಬಿಡುತ್ತಾರೆ. ಹೆಣ್ಣುಮಕ್ಕಳಿಗೆ ಸ್ವಲ್ಪವಾದರೂ ಹೇಳುವ ಮನೆಗಳಲ್ಲಿ ಗಂಡುಮಕ್ಕಳಿಗೆ ಏನೂ ಹೇಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ನಾಚಿಕೆಯಿಂದ ಅಂಗವನ್ನೇ ಕಳೆದುಕೊಳ್ಳುವುದೂ ಉಂಟು. ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ, ಬಾವು ಬಂದರೆ ಅದರ ರಕ್ತನಾಳ ತಿರುಚಿಕೊಂಡಿರಬಹುದು. ಹದಿಹರೆಯದಲ್ಲೇ ಇದು ಜಾಸ್ತಿ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಬೀಜ ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ರಾತ್ರಿ ನೋವು ಬಂದ ಹುಡುಗ ಅಮ್ಮನಿಗೆ ಹೇಗೆ ಹೇಳುವುದು ಎಂದು ಬೆಳಗಿನವರೆಗೆ ಹಲ್ಲುಕಚ್ಚಿ ಮಲಗಿದರೆ ಆ ಆರು ಗಂಟೆ ಮುಗಿದಿರುತ್ತದೆ. 'ಅಲ್ಲಿ ನೋವು ಬಂದರೆ ಆ ಕ್ಷಣವೇ ನನ್ನನ್ನು ಎಬ್ಬಿಸು' ಎಂದು ಇವತ್ತೇ ಅವನಿಗೆ ಹೇಳಿಬಿಡಿ. ತರಗತಿಗೆ ಹೋಗಲಿ, ಬಿಡಲಿ, ಇದೊಂದು ಮಾತು ಅವನಿಗೆ ಗೊತ್ತಿರಲಿ.

ಗರ್ಭನಿರೋಧಕದ ಬಗ್ಗೆ ಮಕ್ಕಳಿಗೆ ಯಾಕೆ ಹೇಳುತ್ತೀರಿ ಎಂಬುದು ಮನೆಯವರ ದೊಡ್ಡ ತಕರಾರು ಇರಬಹುದು. ವಯಸ್ಸಿಗೆ ತಕ್ಕಂತೆ ಹೇಳುತ್ತೇವೆ. 11ರವರಿಗೆ ಮಗು ಹೇಗೆ ಹುಟ್ಟುತ್ತದೆ ಎಂಬಷ್ಟು. 15, 16ರವರಿಗೆ ಅದನ್ನು ತಡೆಯುವುದು ಹೇಗೆ ಎಂಬುದೂ ಸೇರುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19ರ ಹುಡುಗಿಯರಲ್ಲಿ ವರ್ಷಕ್ಕೆ ಸುಮಾರು 2.1 ಕೋಟಿ ಜನ ಬಸಿರಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಅದರಲ್ಲಿ ಅರ್ಧದಷ್ಟು ಬೇಡದ ಬಸಿರು. ಈ ವಯಸ್ಸಿನವರಿಗೆ ಬಸಿರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ನಂಜು, ಹೆರಿಗೆಯ ನಂತರದ ಸೋಂಕು ದೊಡ್ಡವರಿಗಿಂತ ಜಾಸ್ತಿ. ಕದ್ದುಮುಚ್ಚಿ ಮಾಡಿಸುವ ಗರ್ಭಪಾತದಿಂದ ಸಾಯುವವರೂ ಇದ್ದಾರೆ.

ತಪ್ಪು ಲೆಕ್ಕವೂ ಬಹಳ. 'ಮುಟ್ಟಾಗಿ 14ನೇ ದಿನ ಮಾತ್ರ ಅಪಾಯ' ಎಂದು ದೊಡ್ಡವರೂ ನಂಬುತ್ತಾರೆ. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಟ್ಟೇ ಏರುಪೇರಾಗಿದ್ದರೆ ಮುಂದಿನದು ಯಾವಾಗ ಎಂದು ಯಾರಿಗೆ ಗೊತ್ತು? ಅಂಡ ಬದುಕುವುದು ಒಂದು ದಿನ, ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಮೊದಲ ಮುಟ್ಟಿಗೂ ಮೊದಲೇ ಅಂಡ ಬಿಡುಗಡೆ ಆಗಿರಬಹುದು, ಹಾಗಾಗಿ ಒಮ್ಮೆಯೂ ಮುಟ್ಟಾಗದ ಹುಡುಗಿಯೂ ಬಸಿರಾಗಬಹುದು. ಸಂಬಂಧವಾದ ಮೇಲೆ ಬಸಿರು ತಡೆಯಲು ತೆಗೆದುಕೊಳ್ಳುವ ತುರ್ತು ಮಾತ್ರೆಯ ವಿಷಯವೂ ಹೀಗೆಯೇ. ಲೆವೊನೋರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಅದು ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಆಗಲೇ ನಿಂತ ಬಸಿರನ್ನು ತೆಗೆಯುವುದಿಲ್ಲ. ಐದು ದಿನದೊಳಗೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಹಾಕಿಸಿಕೊಳ್ಳುವುದು ಇದಕ್ಕಿಂತ ಪರಿಣಾಮಕಾರಿ. ಬಲಾತ್ಕಾರಕ್ಕೆ ಒಳಗಾದ ಹುಡುಗಿಗೆ ಈ ಗಂಟೆಗಳ ಲೆಕ್ಕ ಗೊತ್ತಿರಬೇಕೋ ಬೇಡವೋ, ಮನೆಯವರನ್ನು ಕೇಳಿ. ಎಚ್‌ಐವಿ ತಡೆಯುವ ಔಷಧಿಯನ್ನೂ 72 ಗಂಟೆಯೊಳಗೇ ಶುರು ಮಾಡಬೇಕು.

ತರಗತಿಯಷ್ಟೇ ಮುಖ್ಯವಾದದ್ದು ಆ ಕ್ಲಿನಿಕ್. ನನ್ನ ಮಟ್ಟಿಗೆ ಹೇಳುವುದಾದರೆ, ಪಾಠ ಹೇಳಿ ಹೋಗಲು ಜಾಗ ತೋರಿಸದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ. 'ತುರಿಕೆ ಇದ್ದರೆ ತೋರಿಸಿ' ಎಂದು ಹೇಳಿದ ಮೇಲೆ ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹೇಳಬೇಡವೇ? ಶಾಲೆಯ ವೇಳೆಯಲ್ಲಿ ಮಾತ್ರ ತೆರೆದಿರುವ, ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಲೈಂಗಿಕ ರೋಗ ಎಂದು ಬರೆದಿರುವ, ಪರಿಚಯದವರೆಲ್ಲ ಸಾಲಾಗಿ ಕೂತಿರುವ ಕ್ಲಿನಿಕ್‌ಗೆ ಯಾವ ಹುಡುಗಿ ಬರುತ್ತಾಳೆ? ಕೌಂಟರಿನಲ್ಲಿ ಎಲ್ಲರ ಮುಂದೆ 'ಏನು ತೊಂದರೆ?' ಎಂದು ಕೂಗಿ ಕೇಳಿದರೆ 'ಜ್ವರ' ಎಂದು ಹೇಳಿ ಹೊರಟುಹೋಗುತ್ತಾಳೆ.

ಮಗಳ ಜೊತೆ ನೀವು ಹೋದರೆ ವೈದ್ಯರು ನಿಮ್ಮನ್ನು ಸ್ವಲ್ಪ ಹೊತ್ತು ಹೊರಗೆ ಕೂರಿ ಎನ್ನಬಹುದು. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ತಾಯಿ ಪಕ್ಕದಲ್ಲಿದ್ದಾಗ ಕೇಳಿದ ಎಲ್ಲಕ್ಕೂ ತಾಯಿಯೇ ಉತ್ತರ ಕೊಡುತ್ತಾರೆ, ಹುಡುಗಿ ಉಗುರು ಕೆರೆಯುತ್ತಾ ಕೂತಿರುತ್ತಾಳೆ. ತಾಯಿ ಎದ್ದು ಹೋಗಿ ಬಾಗಿಲು ಮುಚ್ಚಿದ ಮೇಲೆ 'ಅದಲ್ಲ ಡಾಕ್ಟ್ರೇ, ಬೇರೆ ಒಂದು ಕೇಳಬೇಕಿತ್ತು' ಎನ್ನುತ್ತಾಳೆ. ಹೆಚ್ಚಿನ ಸಲ ಅದು ಸಣ್ಣ ವಿಷಯವೇ. ಅವಳ ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಅವಳಿಗೆ ಹಿಂಸೆ ಕೊಡುತ್ತಿದ್ದರೆ ಅದನ್ನು ಗುಟ್ಟಾಗಿ ಇಡಲು ಆಗುವುದಿಲ್ಲ ಎಂದು ನಾವು ಮೊದಲೇ ಅವಳಿಗೆ ಹೇಳಿರುತ್ತೇವೆ. ಉಳಿದದ್ದು ಅವಳ ಮತ್ತು ವೈದ್ಯರ ನಡುವೆ ಇರಲಿ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಮಕ್ಕಳು ಎರಡನೇ ಸಲ ಬರುತ್ತಾರೆ.

ಕಳಿಸುವ ಮೊದಲು ತರಗತಿಯವರನ್ನು ನೀವು ವಿಚಾರಿಸಬಹುದು, ವಿಚಾರಿಸಲೇಬೇಕು. ಪಾಠ ಮಾಡುವವರಿಗೆ ಏನು ತರಬೇತಿ ಆಗಿದೆ, ಯಾವ ವಯಸ್ಸಿಗೆ ಏನು ಹೇಳುತ್ತಾರೆ, ಮಗು ದೌರ್ಜನ್ಯದ ಬಗ್ಗೆ ಹೇಳಿದರೆ ಮುಂದೇನು ಮಾಡುತ್ತಾರೆ ಎಂದು ಕೇಳಿ. ಪಾಠದ ವಸ್ತುವನ್ನು ತೋರಿಸಲು ಹಿಂದೇಟು ಹಾಕಿದರೆ, ಹೆದರಿಸಿ ನಾಚಿಸಿ ಪಾಠ ಮಾಡುವವರಾದರೆ, ಅಥವಾ ಕನ್ಯತ್ವವನ್ನು ಪರೀಕ್ಷೆ ಮಾಡಿ ತಿಳಿಯಬಹುದು ಎನ್ನುವವರಾದರೆ ಕಳಿಸಬೇಡಿ. ಅಂಥ ಪರೀಕ್ಷೆ ವಿಜ್ಞಾನದಲ್ಲಿ ಇಲ್ಲವೇ ಇಲ್ಲ. ಅದನ್ನು ಎಲ್ಲ ಕಡೆ ನಿಲ್ಲಿಸಬೇಕು ಎಂದು ವಿಶ್ವಸಂಸ್ಥೆಯ ಆರೋಗ್ಯ, ಮಹಿಳಾ ಮತ್ತು ಮಾನವ ಹಕ್ಕು ವಿಭಾಗಗಳು 2018ರಲ್ಲೇ ಒಟ್ಟಾಗಿ ಹೇಳಿವೆ.

ಈಗ ನಿಮ್ಮ ಸರದಿ. ಎರಡು ಮಕ್ಕಳಾಗಿವೆ, ಸರಿ. ಹೆರಿಗೆ ಗೊತ್ತು. ಗರ್ಭಕೊರಳಿನ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ? 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಎಚ್‌ಪಿವಿ ಪರೀಕ್ಷೆ ಆಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ನಿಮಗೆ 43. ವೈರಸ್ ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15, 20 ವರ್ಷ ಬೇಕು. ಅಷ್ಟು ಉದ್ದದ ಸಮಯ ಇದ್ದೂ ಹೆಂಗಸರು ಸಾಯುವುದು ಯಾರೂ ಪರೀಕ್ಷೆ ಮಾಡದ ಕಾರಣಕ್ಕೆ. ಕೆಲವು ಕಡೆ ಮಾದರಿಯನ್ನು ನೀವೇ ತೆಗೆದುಕೊಡಬಹುದು, ಯಾರೂ ಒಳಪರೀಕ್ಷೆ ಮಾಡಬೇಕಿಲ್ಲ.

ಗರ್ಭನಿರೋಧಕವೂ ನಿಮಗೆ ಇನ್ನೂ ಬೇಕು. 43ಕ್ಕೆ ಬಸಿರಾಗುವ ಸಾಧ್ಯತೆ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. 50ರ ಮೊದಲು ಮುಟ್ಟು ನಿಂತರೆ ಕೊನೆಯ ಮುಟ್ಟಾದ ಮೇಲೂ ಎರಡು ವರ್ಷ, 50ರ ನಂತರ ನಿಂತರೆ ಒಂದು ವರ್ಷ ಎಚ್ಚರಿಕೆ ಬೇಕು. ಈ ಹೊಣೆಯೆಲ್ಲ ಹೆಂಗಸಿನ ಮೇಲೇ ಯಾಕೆ ಬೀಳಬೇಕು? ಗಂಡಸಿಗೆ ಮಾಡುವ ಸಂತಾನಹರಣ ಚಿಕಿತ್ಸೆ, ಅಂದರೆ ವ್ಯಾಸೆಕ್ಟಮಿ, ಚಿಕ್ಕ ಆಪರೇಷನ್, ಹೆಂಗಸಿನ ಆಪರೇಷನ್‌ಗಿಂತ ಸುಲಭ. ಗಂಡಸುತನ ಕುಂದುವುದಿಲ್ಲ. ಆದರೆ ಆದ ದಿನದಿಂದಲೇ ಕೆಲಸ ಮಾಡುವುದಿಲ್ಲ. ಸುಮಾರು ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆಯೇ ನಿಶ್ಚಿಂತೆ. ಮನೆಯವರು ಆ ತರಗತಿಗೆ ಬರಲಿ ಎಂದು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ರಕ್ತಸ್ರಾವ. 'ಮುಟ್ಟು ನಿಲ್ಲುವ ಕಾಲ, ಹೀಗೇ ಆಗುತ್ತದೆ' ಎಂದು ಸುತ್ತಲಿನವರು ಹೇಳಿರಬಹುದು. ಹಾರ್ಮೋನಿನ ಏರುಪೇರು ಇರಬಹುದು ನಿಜ. ಗರ್ಭಕೋಶದ ಗಡ್ಡೆ, ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟು), ಥೈರಾಯ್ಡ್ ತೊಂದರೆ ಕೂಡ ಇರಬಹುದು. ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಇರಬಹುದು. ತೋರಿಸದೆ ಯಾರೂ ಹೇಳಲಾರರು. ಮೊದಲು ಬಸಿರಿನ ಪರೀಕ್ಷೆ, ಹೌದು, 43ಕ್ಕೂ. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್. ತೂಕ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಸ್ಕ್ಯಾನಿಂಗ್‌ನಲ್ಲಿ ಸಂಶಯ ಬಂದರೆ ಒಳಪದರದ ಚೂರು ತೆಗೆದು ಪರೀಕ್ಷಿಸುತ್ತಾರೆ. ಕಳೆದ ಮೂರು ಮುಟ್ಟಿನ ದಿನಾಂಕ, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು ಎಂದು ಬರೆದುಕೊಂಡು ಹೋಗಿ.

ಚಿಕಿತ್ಸೆಗೆ ಹೆದರಬೇಡಿ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಸಾಧನ ರಕ್ತಸ್ರಾವವನ್ನು ತುಂಬಾ ಇಳಿಸುತ್ತದೆ, ಗರ್ಭನಿರೋಧಕವೂ ಆಗುತ್ತದೆ. ಕಾಪರ್ ಟಿ ಮಾತ್ರ ನಿಮಗೆ ಈಗ ಬೇಡ, ಅದರಿಂದ ರಕ್ತ ಹೋಗುವುದು ಹೆಚ್ಚಾಗಬಹುದು. ನಿಮಗೆ ರಕ್ತದೊತ್ತಡ ಇದ್ದರೆ, ಕಾಲಿನಲ್ಲಿ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣಿಗೆ ಮಿಂಚು ಕಂಡು ತಲೆನೋವು ಬರುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಕೆಲವು ಮಾತ್ರೆಗಳು ನಿಮಗೆ ಆಗುವುದಿಲ್ಲ. ಬೇರೆ ಯಾವುದನ್ನೂ ಪ್ರಯತ್ನಿಸದೆ ಯಾರಾದರೂ ನೇರವಾಗಿ ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.